ಬೆನ್ನಿನ ನವಿಲು

ರಸಮಟ್ಟದೊಳಗಿನ ಗುಳ್ಳೆ ನಡುವೆ ನಿಲ್ಲಲೊಲ್ಲದು. ಮನಿಷಾ ಅದನ್ನು ವಿಡಿಯೋ ಯಂತ್ರದ ದುಂಡನೆಯ ಕಟ್ಟೆಯ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಇಟ್ಟು ನೋಡುತ್ತಿದ್ದಳು. ಗುಳ್ಳೆ ನಡುವೆ ಬಂದಂತೆ ಮಾಡಿ ಮತ್ತೆ ಕಿಟಕಿಯ ಕಡೆಗೆ ಜಾರುತ್ತಿತ್ತು. ಗಂಡ ಮಹಾಂತ ಹೊಸ ಜಾಕೀಟು ಮಣ್ಣಾದೀತೆಂಬ ಪರಿವೆಯಿಲ್ಲದೆ ನೆಲಕ್ಕೆ ಹೊಟ್ಟೆಯೂರಿ ಮಲಗಿ, ಕಟ್ಟೆಯ ಕಾಲುಗಳ ತಿರುಪು ತಿರುವುತ್ತ, ಈಗ ಬಂತೇ, ಈಗ ಬಂತೇ ಎಂದು ಕೇಳುತ್ತಿದ್ದ. ಉಮದಿಯ ಈ ಮಂಗಲ ಕಾರ್ಯಾಲಯದ ನೆಲವನ್ನು ಯಾವ ಪುಣ್ಯಾತ್ಮ ಹಾಕಿದನೋ, ಎಲ್ಲಿ ಇಟ್ಟರೂ ಓರೆ. ಕಟ್ಟೆ ಓರೆಯಾದರೆ ಅದರ ಬುಡದಿಂದ ಹೊರಟ ಉದ್ದನೆಯ ಕೈ ತಿರುಗುವಾಗ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ, ಕೈಯ ತುದಿಗೆ ಕಚ್ಚಿಸಿದ ಫೋನು ನಡುಗುತ್ತದೆ, ಕಟ್ಟೆಯ ಮೇಲೆ ನಿಂತವರು ಕುಡಿದು ನಿಂತವರಂತೆ ಕಾಣುತ್ತಾರೆ. ಇದನ್ನೆಲ್ಲ ಮಹಾಂತ ಕುಣಿಕೋಣೂರಿನ ಮನೆಯಲ್ಲಿ ಅವಳಿಗೆ ಬಿಡಿಸಿ ಬಿಡಿಸಿ ಹೇಳಿದ್ದ. ಮನುಷ್ಯ ನಡುವೆ ನಿಲ್ಲಬೇಕು, ಕೈ ಅವನ ಸುತ್ತ ತಿರುಗಬೇಕು. ಮುಖ, ಪಕ್ಕ, ಬೆನ್ನು, ಮತ್ತೆ ಪಕ್ಕ, ಮತ್ತೆ ಮುಖ, ಎಲ್ಲ ನಿಧಾನಕ್ಕೆ, ಕನಸಿನಲ್ಲಿ ಬಂದ ಹಾಗೆ ಬರಬೇಕು. ಬೆನ್ನು ಎಂದಾಗ ಆ ದಿನ ಅವಳಿಗೆ ಏನೂ ಅನಿಸಿರಲಿಲ್ಲ. ಇವತ್ತು ಬೆಳಿಗ್ಗೆಯಿಂದ ಆ ಒಂದು ಮಾತೇ ತಲೆಯಲ್ಲಿ ಕೂತುಬಿಟ್ಟಿತ್ತು.

ಯಾಕೆಂದರೆ ಇವತ್ತು ಮದುವೆ ನಿಶ್ಚಯದ ಸಾಕರಪುಡಾ ಆಗಲಿರುವ ಹುಡುಗಿ, ದಾಳಿಂಬೆ ವ್ಯಾಪಾರಿ ಶಂಕರೆಪ್ಪನವರ ಮಗಳು ವಿದ್ಯಾವತಿ, ಪೈಠಣಿ ಸೀರೆಯ ಮೇಲೆ ತೊಟ್ಟ ಕುಪ್ಪಸ ಹೊಲಿದವಳು ಮನಿಷಾ. ಬೆನ್ನಿಗೆ ಬರಲೆಂದೇ ನೇಕಾರರು ಆ ಬಟ್ಟೆಯಲ್ಲಿ ಒಂದು ದೊಡ್ಡ ನವಿಲು ನೇಯ್ದಿದ್ದರು. ಆ ನವಿಲು ಈಗ ಹುಡುಗಿಯ ಬೆನ್ನ ಮೇಲೆ ತಲೆಕೆಳಗಾಗಿ ನಿಂತಿದೆ, ಜುಟ್ಟು ಸೊಂಟದ ಕಡೆಗೆ, ಕಾಲು ಕೊರಳಿನ ಕಡೆಗೆ. ಮನಿಷಾಳನ್ನು ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಅದು ಗೊತ್ತಿಲ್ಲ. ತೊಟ್ಟವಳಿಗೂ ಗೊತ್ತಿಲ್ಲ. ಬೆಳಿಗ್ಗೆ ಒಳಕೋಣೆಯಲ್ಲಿ ತಾನೇ ಮುಂದೆ ಬಿದ್ದು ಕುಪ್ಪಸ ತೊಡಿಸಿ, ಕೊರಳ ಹಿಂದಿನ ಲಾಡಿ ಕಟ್ಟಿ, ಸೆರಗಿನ ನಿರಿಗೆಯನ್ನು ನವಿಲಿನ ಮೇಲೆ ಎಳೆದು ಪಿನ್ನು ಹಾಕಿ ಬಂದಿದ್ದಳು. ವಿದ್ಯಾವತಿ ಕನ್ನಡಿಯಲ್ಲಿ ಎದುರನ್ನಷ್ಟೇ ನೋಡಿ ಹಿಗ್ಗಿ, ಅಕ್ಕಾರ ಕೈ ಅಂದ್ರ ಕೈ ಎಂದಿದ್ದಳು. ಮನಿಷಾ ಪಿನ್ನನ್ನು ಇನ್ನೊಮ್ಮೆ ಒತ್ತಿ ನೋಡಿ ಹೊರಬಂದಿದ್ದಳು.

ಅದು ಆದದ್ದಾದರೂ ಹೇಗೆ? ಕೈ ತಪ್ಪಿ ಎನ್ನಲಾರಳು, ಕೈ ಎಂದಿನಂತೆಯೇ ಕೆಲಸ ಮಾಡಿತ್ತು. ಅವಳು ಹೊಲಿಯುವ ಪಡಸಾಲೆಯಲ್ಲಿ ಬಟ್ಟೆ ಹಾಸಿ ಗೋಡೆಯ ಕಡೆ ಕೂತು ಕತ್ತರಿಸುವುದು ರೂಢಿ. ಕುಪ್ಪಸದ ಕೊರಳು ಯಾವಾಗಲೂ ಬಾಗಿಲಿನ ಕಡೆಗೆ. ಆದರೆ ಆವತ್ತೇ ಈ ಯಂತ್ರ ಪೆಟ್ಟಿಗೆ ಪೆಟ್ಟಿಗೆಯಾಗಿ ಮನೆಗೆ ಬಂದು ಗೋಡೆಯ ಕಡೆಯ ಜಾಗವನ್ನೆಲ್ಲ ನುಂಗಿತ್ತು. ಅವಳು ಬಾಗಿಲ ಹತ್ತಿರ ಕೂತಳು. ನವಿಲು ಅವಳಿಗೆ ಎದುರಾಗಿ ನೆಟ್ಟಗೆ ನಿಂತು ನೋಡುತ್ತಿತ್ತು, ಎಲ್ಲ ಸರಿಯಿದೆ ಅನ್ನುವ ಹಾಗೆ. ಮಹಾಂತ ಮೊದಲ ಸಲ ಗುಂಡಿ ಒತ್ತಿದ, ಕೈ ಸೊಂಯ್ಯೆಂದು ತಿರುಗಿತು, ಅವಳು ಬಾಯಿ ತೆರೆದು ಅದನ್ನೇ ನೋಡುತ್ತ ಖಾಕಿ ಕಾಗದದ ಮಾದರಿಯನ್ನು ಬಟ್ಟೆಯ ಮೇಲೆ ಇಟ್ಟಳು, ಕೊರಳು ಬಾಗಿಲಿನ ಕಡೆಗೆ, ರೂಢಿಯಂತೆ, ಅಂದರೆ ಈ ಸಲ ನವಿಲಿನ ಕಾಲಿನ ಕಡೆಗೆ. ಕತ್ತರಿ ಕಚಕಚ ನಡೆಯಿತು. ತುಂಡನ್ನು ಎತ್ತಿ ಹಿಡಿದಾಗ ಹಕ್ಕಿ ಬಾವಿಗೆ ಹಾರುವಂತೆ ಕಂಡಿತು. ಆ ಬಟ್ಟೆಯ ಇನ್ನೊಂದು ತುಂಡು ಎಲ್ಲೂ ಸಿಗುವಂಥದಲ್ಲ. ಆಗಲೇ ಹೋಗಿ ಹೇಳಬಹುದಿತ್ತು. ಆದರೆ ಅಸ್ತರ ಹಾಕುವುದು, ಸೀರೆಗೆ ಫಾಲ್ ಹಚ್ಚುವುದು ಬಿಟ್ಟು ದೊಡ್ಡ ಮನೆಯ ಮದುವಣಗಿತ್ತಿಯ ಕುಪ್ಪಸ ಅವಳ ಕೈಗೆ ಬಂದದ್ದು ಇದೇ ಮೊದಲು. ಇದು ಚೆನ್ನಾಗಿ ಬಂದರೆ ಉಮದಿಯ ಹೆಂಗಸರು ವಿಜಯಪುರದ ಬಸ್ಸು ಹತ್ತುವುದು ಬಿಟ್ಟು ಕುಣಿಕೋಣೂರಿಗೆ ಬರುತ್ತಾರೆ. ಕೆಟ್ಟರೆ, ನವಿಲನ್ನು ನೇತುಹಾಕಿದವಳು ಎಂದು ಅವಳ ಹೆಸರು ಸಂತೆಯಲ್ಲಿ ತಿರುಗುತ್ತದೆ. ಬೆನ್ನನ್ನು ಯಾರು ನೋಡುತ್ತಾರೆ ಎಂದುಕೊಂಡು ಹೊಲಿದಳು. ಹೊಲಿಗೆ ಮಾತ್ರ ಬಹಳ ಚೆಂದ ಬಂದಿತ್ತು. ಅದೂ ಒಂದು ಸಂಕಟವೇ.

ಬೆನ್ನನ್ನು ನೋಡುವುದಕ್ಕೆಂದೇ ಒಂದು ಯಂತ್ರ ಬಂದು ಅದೇ ಪಡಸಾಲೆಯಲ್ಲಿ ಕೂತಿದೆ ಎಂದು ಹೊಳೆಯಲು ಅವಳಿಗೆ ಎರಡು ದಿನ ಹಿಡಿಯಿತು. ಈಗ ಮಹಾಂತ ಏಳುತ್ತ, ಸೆರಗು ಹಾರಾಡಿದರೆ ವಿಡಿಯೋ ಸೊಗಸಾಗಿ ಬರುತ್ತದೆ ಎಂದು ದೊಡ್ಡ ಫ್ಯಾನೊಂದನ್ನು ಕಟ್ಟೆಗೆ ಎದುರಾಗಿ ಇಟ್ಟ. ತೆಗೆದದ್ದು ಆ ಕ್ಷಣವೇ ಎಲ್ಲರಿಗೂ ಕಾಣಲಿ ಎಂದು ಗೋಡೆಗೆ ಟಿವಿ ಒರಗಿಸಿದ. ಒಂದೊಂದು ಕೆಲಸ ಮುಗಿದಾಗಲೂ ಮಕ್ಕಳಂತೆ ಅವಳ ಮುಖ ನೋಡುತ್ತಿದ್ದ. ಮದುವೆಗಳಲ್ಲಿ ಬೇರೆಯವರ ಕ್ಯಾಮೆರಾಕ್ಕೆ ಲೈಟು ಹಿಡಿದು ವರುಷಗಟ್ಟಲೆ ನಿಂತ ಮನುಷ್ಯನ ಸ್ವಂತದ ಮೊದಲ ಕಾರ್ಯಕ್ರಮ ಇದು. ಶಂಕರೆಪ್ಪನವರು ಬಂದು, ಸಾಮಾನೆಲ್ಲ ಹಿಂದಿನ ಬಾಗಿಲಿನಿಂದ ತರಬೇಕಿತ್ತಲ್ಲ, ಮುಂದೆ ರಂಗೋಲಿ ಅಳಿಸಿತು ಎಂದು ಮೆತ್ತಗೆ ಹೇಳಿ ಹೋದರು. ಮಹಾಂತ ಹಲ್ಲು ಕಿರಿದು ಆಯ್ತ್ರಿ ಎಂದ. ಮನಿಷಾ ನಿಂತಲ್ಲೇ ನೆಲವನ್ನು ಕಾಲಿನಿಂದ ಉಜ್ಜಿ, ಅಲ್ಲಿ ಇಲ್ಲದ ರಂಗೋಲಿಯನ್ನು ಇನ್ನಷ್ಟು ಅಳಿಸಿದಳು.

ಪರೀಕ್ಷೆಗೆ ಯಾರಾದರೂ ಕಟ್ಟೆಯ ಮೇಲೆ ನಿಲ್ಲಬೇಕಿತ್ತು. ಮಹಾಂತ ಹೆಂಡತಿಯನ್ನು ಕರೆದ. ಅವಳು ಒಲ್ಲೆನೆಂದಳು. ಬೆಳಿಗ್ಗೆ ಪೆಟ್ಟಿಗೆ ಎತ್ತುವಾಗ ಅವಳ ಕುಪ್ಪಸವೇ ಬೆನ್ನಲ್ಲಿ ಹೊಲಿಗೆ ಬಿಟ್ಟು, ಅಲ್ಲೊಂದು ಪಿನ್ನು ಚುಚ್ಚಿಕೊಂಡಿದ್ದಳು. ಊರಿಗೆಲ್ಲ ಹೊಲಿಯುವವಳ ಬೆನ್ನಿಗೆ ಪಿನ್ನು. ಹೀಗಾಗಿ ಮಾವ ಶಿದ್ರಾಯನನ್ನು ಹತ್ತಿಸಿದರು. ಮುದುಕ ಯಂತ್ರ ನೋಡಬೇಕೆಂದೇ ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ ಟೆಂಪೋ ಏರಿದ್ದ. ಮಗನ ಮಾತಿಗೆ ಕಂಬಳಿಯನ್ನು ಟೆಂಪೋದಲ್ಲೇ ಬಿಟ್ಟು ಬಂದಿದ್ದರಿಂದ ಹೆಗಲನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಚಪ್ಪಲಿ ಕಳಚಿ ಕಟ್ಟೆ ಹತ್ತಿದ. ಕೈ ಹೊರಟಿತು. ಶಿದ್ರಾಯ ಫೋನನ್ನೇ ದಿಟ್ಟಿಸುತ್ತ, ಅದು ಎಡಕ್ಕೆ ಸರಿದಂತೆ ತಾನೂ ಎಡಕ್ಕೆ ಸರಿದ, ಅದು ಹಿಂದೆ ಹೋದಂತೆ ತಾನೂ ಹಿಂದೆ ತಿರುಗಿದ. ಕೈ ಒಂದು ಸುತ್ತು, ಮುದುಕನೂ ಒಂದು ಸುತ್ತು.

"ಅಪ್ಪಾ, ನೀ ತಿರುಗಬ್ಯಾಡ. ಅದು ತಿರುಗತೈತಿ," ಎಂದ ಮಹಾಂತ.

"ಅದು ಹಿಂದ ಹೋಗಾಕತ್ತೈತಲ್ಲೋ."

"ಹೋಗ್ಲಿ ಬಿಡು."

"ಸುತ್ತು ಹಾಕೂದಕ್ಕ ಬೆನ್ನು ಕೊಡಬಾರ್ದಪಾ," ಎಂದ ಶಿದ್ರಾಯ, ತಿರುಗುವುದನ್ನು ನಿಲ್ಲಿಸದೆ. "ಕುರಿ ಮ್ಯಾಲ ತ್ವಾಳ ಹಿಂಗ ಬರತೈತಿ."

ಚಾಪೆ ಹಾಸುತ್ತಿದ್ದವರು, ಹೂ ಕಟ್ಟುತ್ತಿದ್ದವರು ಎಲ್ಲ ನಕ್ಕರು. ಮಹಾಂತನ ಕಿವಿ ಕೆಂಪಾದವು. ಇನ್ನೊಮ್ಮೆ ನಿಲ್ಲಿಸಿದ, ಮುದುಕ ಇನ್ನೊಮ್ಮೆ ತಿರುಗಿದ. ಬೇಕೆಂದಲ್ಲ, ಕಾಲು ಕೇಳಬೇಕಲ್ಲ. ಆದರೆ ಟಿವಿಯಲ್ಲಿ ಅದು ಮೂಡಿದಾಗ ಮನಿಷಾ ಗುಳ್ಳೆ ರಸಮಟ್ಟ ಎಲ್ಲ ಮರೆತು ನೋಡಿದಳು. ಮಾವನ ಮುಖ ಒಂದಿಷ್ಟೂ ಅಲುಗದೆ ನಡುವೆ ನಿಂತಿತ್ತು. ಅವನ ಹಿಂದೆ ಕಿಟಕಿ, ಬಾಗಿಲು, ಹೂವಿನ ರಾಶಿ, ನಗುವ ಮಂದಿ, ಇಡೀ ಕಾರ್ಯಾಲಯ ಗಿರ್ರನೆ ತಿರುಗಿ ಹೋಗುತ್ತಿತ್ತು. ಬೆನ್ನು ಒಮ್ಮೆಯೂ ಕಾಣಲಿಲ್ಲ. ಎಷ್ಟು ಸುತ್ತು ಹಾಕಿದರೂ ಈ ಯಂತ್ರಕ್ಕೆ ಬೆನ್ನು ತೋರಿಸದೆ ಇರಬಹುದು! ಆ ಯೋಚನೆ ಬಂದೊಡನೆ ಅವಳ ಎದೆ ಹಗುರಾಯಿತು, ಅದರ ಬೆನ್ನಿಗೇ ತನ್ನ ಬಗ್ಗೆ ಹೇಸಿಗೆಯೂ ಆಯಿತು. ಮಾವನ ಹೆದರಿಕೆಯನ್ನು ಅವಳು ತನ್ನ ಕಳ್ಳತನಕ್ಕೆ ಎತ್ತಿಕೊಳ್ಳುತ್ತಿದ್ದಳು.

ಬೀಗರು ಇಂಡಿಯಿಂದ ಬಂದರು. ಉಡಿ ತುಂಬುವುದು, ಉಂಗುರ, ಸಕ್ಕರೆ ಹಂಚುವುದು ಎಲ್ಲ ಆಯಿತು. ಮನಿಷಾ ಏನನ್ನೂ ನೋಡಲಿಲ್ಲ, ಸೆರಗಿನ ಪಿನ್ನನ್ನು ನೋಡಿದಳು. ಆಮೇಲೆ ಹುಡುಗಿ ಹಿರಿಯರ ಕಾಲಿಗೆ ಬೀಳತೊಡಗಿದಳು. ಅಜ್ಜಿ ಗುರವ್ವನ ಕಾಲಿಗೆ ಬಿದ್ದಳು, ಬೀಗರ ಕಾಲಿಗೆ ಬಿದ್ದಳು. ಎಲ್ಲ ಮುಗಿಯಿತೆನ್ನುವಾಗ ಗುರವ್ವ ಕೋಲೆತ್ತಿ ಗೋಡೆಯ ಪಕ್ಕದ ಶಿದ್ರಾಯನನ್ನು ತೋರಿಸಿದಳು. ಪ್ರತಿ ಬೇಸಿಗೆ ಅವರ ಹೊಲದಲ್ಲಿ ಕುರಿ ಕೂಡಿಸುವವನು ಅವನು. ಆ ಹಿಕ್ಕೆಯ ಗೊಬ್ಬರದಲ್ಲೇ ತೋಟ ಎದ್ದದ್ದು, ಅವನ ಕಾಲಿಗೂ ಬೀಳು ಎಂದಳು. ಶಿದ್ರಾಯ ಗಾಬರಿಯಾಗಿ ಎದ್ದು ನಿಂತ. ಮನಿಷಾ ಅವನ ಹಿಂದೆಯೇ ನಿಂತಿದ್ದಳು. ವಿದ್ಯಾವತಿ ಬಾಗಿದಳು, ಭಾರದ ಸೆರಗು ಪಕ್ಕಕ್ಕೆ ಜಾರಿತು, ಜಡೆ ನೆಲಕ್ಕೆ ಇಳಿಯಿತು. ಮನಿಷಾ ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡಳು, ಆಗಲಿಲ್ಲ. ಮಾವನ ಹೆಗಲ ಮೇಲಿಂದ ಕೆಳಗೆ ನೋಡಿದಳು. ಬಾಗಿದ ಬೆನ್ನಿನ ಮೇಲೆ ನವಿಲು ನೆಟ್ಟಗೆ, ಜುಟ್ಟು ಮೇಲಕ್ಕೆ ಎತ್ತಿ, ಸೊಗಸಾಗಿ ನಿಂತಿತ್ತು.

ಹುಡುಗಿ ಎದ್ದಳು, ಸೆರಗು ಮತ್ತೆ ಬೆನ್ನ ಮೇಲೆ ಬಿತ್ತು, ನವಿಲು ಮರೆಯಾಯಿತು. ಮನಿಷಾ ಅಲ್ಲೇ ನಿಂತು ಕೈಯಲ್ಲೇ ಲೆಕ್ಕ ಹಾಕಿದಳು. ಅಂಗೈಯನ್ನು ಬೆನ್ನು ಮಾಡಿ, ಬೆರಳ ತುದಿಯನ್ನು ಕೊರಳು ಮಾಡಿ, ತನ್ನ ಕಡೆಗೆ ಬಾಗಿಸಿದಳು. ಹೌದಲ್ಲ. ಬಾಗಿದವಳ ಕೊರಳು ಹಿರಿಯರ ಕಾಲ ಹತ್ತಿರ, ಸೊಂಟ ದೂರ. ಸೊಂಟದ ಕಡೆಗಿದ್ದ ಜುಟ್ಟು ಅವರಿಗೆ ಮೇಲಾಗುತ್ತದೆ. ಆವತ್ತು ಬಾಗಿಲ ಹತ್ತಿರ ಕೂತಾಗ ಅವಳಿಗೆ ಕಂಡದ್ದೂ ಹೀಗೆಯೇ. ಇಷ್ಟು ಹೊತ್ತು ನುಂಗಿಕೊಂಡಿದ್ದ ಭಯದ ನಡುವೆ ಅವಳಿಗೆ ನಗು ಬಂತು, ಯಾರಿಗಾದರೂ ಹೇಳಬೇಕೆನಿಸಿತು. ಹೇಳುವಂತಿರಲಿಲ್ಲ. ಮಹಾಂತ ಅಷ್ಟರಲ್ಲಿ ಫ್ಯಾನು ಹಾಕಿ, ಹುಡುಗಿ ಬರಲಿ ಎಂದು ಕೂಗುತ್ತಿದ್ದ.

ಕಟ್ಟೆ ಹತ್ತಲು ಕೈ ಕೊಡುವ ನೆಪದಲ್ಲಿ ಮನಿಷಾ ವಿದ್ಯಾವತಿಯ ಕಿವಿಯ ಹತ್ತಿರ ಬಾಗಿ, ನಮ್ಮ ಮಾವನ ಹಾಗೆ ಕ್ಯಾಮೆರಾದ ಸಂಗಡವೇ ತಿರುಗು, ಮುಖ ಚೆಂದ ಬರುತ್ತದೆ ಎಂದಳು. ಹುಡುಗಿಗೆ ಅದು ಆಟವಾಗಿ ಕಂಡಿತು. ಕೈ ಹೊರಟಿತು, ಅವಳೂ ಹೊರಟಳು. ಮೊದಲ ಸುತ್ತು ಪಾರಾಯಿತು. ಎರಡನೆಯದರಲ್ಲಿ ಪೈಠಣಿಯ ಭಾರಕ್ಕೆ ಕಾಲು ತೊಡರಿತು, ತಲೆ ಸುತ್ತಿತು, ನಗುತ್ತ ನಿಂತುಬಿಟ್ಟಳು. ಕೈ ನಿಲ್ಲಲಿಲ್ಲ. ಫ್ಯಾನಿನ ಗಾಳಿಗೆ ಸೆರಗು ಮಹಾಂತ ಬಯಸಿದಂತೆಯೇ ಹಾರಿತು, ಪಿನ್ನು ಎಲ್ಲಿ ಸಿಡಿಯಿತೋ ದೇವರೇ ಬಲ್ಲ.

ಟಿವಿಯಲ್ಲಿ ಅದು ಬಹಳ ನಿಧಾನವಾಗಿ ಬಂತು. ಮುಖ, ನಗು, ಪಕ್ಕ, ಹಾರುವ ಸೆರಗು, ಆಮೇಲೆ ಇಡೀ ಟಿವಿ ತುಂಬ ತಲೆಕೆಳಗಾದ ನವಿಲು. ನೋಡುತ್ತಿದ್ದವರಿಗೆ ಬೇಗ ತಿಳಿಯಲಿಲ್ಲವೇನೋ. ಶಿದ್ರಾಯನೇ ಮೊದಲು ಮಾತಾಡಿದ. ಕುರಿಯನ್ನು ಬೆನ್ನು ನೋಡಿಯೇ ಗುರುತಿಸುವ ಮನುಷ್ಯ.

"ನನ್ನ ಕಾಲಿಗೆ ಬಿದ್ದಾಗ ಹಕ್ಕಿ ನೆಟ್ಟಗ ನಿಂತಿತ್ತಲ್ಲ. ಈಗ್ಯಾಕ ತಲಿ ಕೆಳಗ ಮಾಡೇತಿ?"

 ಬೀಗರ ಕಡೆಯ ಹೆಂಗಸೊಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ಶಂಕರೆಪ್ಪನವರು, ಇದೇನಪ್ಪ ನಿನ್ನ ಮಿಷನ್ನು, ಶುಭಕಾರ್ಯದಲ್ಲಿ ಎಲ್ಲ ಉಲ್ಟಾ ತೋರಿಸುತ್ತದಲ್ಲ ಎಂದರು. ನವಿಲೊಂದೇ ಉಲ್ಟಾ, ಹುಡುಗಿ ನೆಟ್ಟಗೇ ಇದ್ದಾಳೆ ಎಂದು ಯಾರೂ ಹೇಳಲಿಲ್ಲ. ಮಹಾಂತ ಟಿವಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನಿಗೆ ಆ ಕ್ಷಣದಲ್ಲೇ ತಿಳಿಯಿತೆಂದು ಮನಿಷಾಳಿಗೆ ಗೊತ್ತಾಯಿತು. ಆದರೂ ಅವನು ಫೋನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಏನೇನೋ ಒತ್ತುತ್ತ, ಹೊಸದು ರೀ, ಸೆಟ್ಟಿಂಗ್ ತಪ್ಪಿರಬೇಕು ಎಂದು ಬೆವರು ಒರೆಸಿಕೊಂಡ. ಬೆಳಿಗ್ಗೆಯಿಂದ ಒಂದೊಂದು ಕೆಲಸಕ್ಕೂ ಅವಳ ಮುಖ ನೋಡುತ್ತಿದ್ದವನು ಈಗ ಅವಳ ಕಡೆ ತಿರುಗಲೂ ಇಲ್ಲ. ಅವಳ ತಪ್ಪನ್ನು ತನ್ನ ಯಂತ್ರದ ತಲೆಗೆ ಕಟ್ಟಿ, ಮೊದಲ ದಿನವೇ ಅದನ್ನು ಮುಳುಗಿಸುತ್ತಿದ್ದ. ಇದನ್ನು ಮಾತ್ರ ಅವಳು ತಾಳಲಾರದೆ ಹೋದಳು.

"ಮಿಷನ್ ಖರೇನ ತೋರಸೈತ್ರಿ," ಎಂದಳು. "ನಾನ ತಪ್ಪಿ ಕತ್ತರಿಸೀನಿ."

ಹೇಳಿದ ಮೇಲೆ ನೆಲ ಬಿರಿಯಬೇಕಿತ್ತು. ಬಿರಿಯಲಿಲ್ಲ. ಗುರವ್ವ ಕೋಲೂರಿ ಎದ್ದು, ತನಗೂ ನೆಟ್ಟಗೇ ಕಂಡಿತ್ತೆಂದಳು. ಬೀಗರ ಪೈಕಿ ಹಿರಿಯಳೂ ಹೌದೆಂದಳು. ಎಲ್ಲಿ, ಇನ್ನೊಮ್ಮೆ ಬಾಗು ನೋಡೋಣ ಎಂದು ಗುರವ್ವ ಮೊಮ್ಮಗಳನ್ನು ಕಟ್ಟೆಯಿಂದ ಇಳಿಸಿ ಬಾಗಿಸಿದಳು. ಮುದುಕಿಯರು ಒಬ್ಬೊಬ್ಬರಾಗಿ ಬಂದು ಹುಡುಗಿಯ ತಲೆಯ ಕಡೆ ನಿಂತು ಇಣುಕಿ, ಅಯ್ಯ ಹೌದಲ್ಲ ಎಂದರು. ಹಿಂದೆ ಹೋಗಿ ನಿಂತು, ಇಲ್ಲಿಂದ ಉಲ್ಟಾ ಎಂದರು. ಮತ್ತೆ ಮುಂದೆ ಬಂದರು. ಕೊನೆಗೆ ಗುರವ್ವ ತೀರ್ಪು ಕೊಟ್ಟಳು: ತಲೆ ಬಾಗಿದವಳನ್ನು ಹರಸುವವರಿಗೆ ಮಾತ್ರ ನೆಟ್ಟಗೆ ಕಾಣಲೆಂದು ಹೊಲಿದಿದ್ದಾಳೆ, ಏನು ಬುದ್ಧಿ ಹುಡುಗಿಯದು. ಇಲ್ಲ ಆಯಿ, ಖರೇನೇ ತಪ್ಪಿದ್ದು ಎಂದಳು ಮನಿಷಾ. ನೋಡು, ಎಷ್ಟು ನಾಚುತ್ತಾಳೆ ಎಂದು ಹೆಂಗಸರು ನಕ್ಕರು. ಒಬ್ಬಳು ಅಲ್ಲೇ ತನ್ನ ಸೊಸೆಗೂ ಹಾಗೇ ಹೊಲಿದುಕೊಡಲು ಹೇಳಿದಳು. ಇನ್ನೊಬ್ಬಳು ಹಂಸ ಆದೀತೇ ಎಂದು ವಿಚಾರಿಸಿದಳು. ಬೇಡಿದ್ದ ಹೆಸರು ಬಂದು ಬಾಗಿಲಲ್ಲಿ ನಿಂತಿತ್ತು, ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ಸುಳ್ಳು ಹೇಳಿ ಸಿಕ್ಕಿಬೀಳುವುದು ಗೊತ್ತಿತ್ತು, ನಿಜ ಹೇಳಿಯೂ ಯಾರೂ ನಂಬದಿದ್ದರೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ನಗದೆ ನಿಂತವಳು ವಿದ್ಯಾವತಿ ಒಬ್ಬಳೇ. ಎಲ್ಲರೂ ನೋಡಿ ಮುಗಿಸಿದ ಆ ಬೆನ್ನನ್ನು ಅವಳು ಮಾತ್ರ, ಟಿವಿಯಲ್ಲಿ ಬಿಟ್ಟರೆ, ನೆಟ್ಟಗೂ ನೋಡುವಂತಿರಲಿಲ್ಲ, ಉಲ್ಟಾ ಕೂಡ ನೋಡುವಂತಿರಲಿಲ್ಲ. ಹೆಂಗಸರು ಊಟದ ಕಡೆ ತಿರುಗಿದಾಗ ಅವಳು ಹತ್ತಿರ ಬಂದಳು.

"ಅಕ್ಕಾರ, ಬೇಕಂತ ಹೊಲದ್ರೇನ್ರಿ?"

"ಇಲ್ಲ. ತಪ್ಪಿದ್ದು."

"ತಪ್ಪತದ, ಆಗಲಿ. ಮತ್ತ ಅಜ್ಜನಂಗ ತಿರುಗು ಅಂತ ಯಾಕ ಹೇಳಿದ್ರಿ?"

ಮನಿಷಾ ಇಡೀ ದಿನ ಕತ್ತರಿಯ ತಪ್ಪನ್ನೇ ಹೊತ್ತು ತಿರುಗಿದ್ದಳು. ಇದನ್ನು ಯಾರೂ ಕೇಳರೆಂದುಕೊಂಡಿದ್ದಳು.

"ಯಾರಿಗೂ ಕಾಣಬಾರ್ದು ಅಂತ," ಎಂದಳು.

ವಿದ್ಯಾವತಿಗೆ ಸಿಟ್ಟಿತ್ತು, ಇಲ್ಲವೆನ್ನಲಾಗದು. ಆದರೂ ನವಿಲು ಪೂರ್ತಿ ಕಾಣುವಂತೆ ಜಡೆಯನ್ನು ಎಳೆದು ಎದೆಯ ಮೇಲೆ ಹಾಕಿಕೊಂಡಳು, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಕಟ್ಟೆ ಹತ್ತಿ ಮನಿಷಾಳ ಕೈ ಹಿಡಿದು ಎಳೆದಳು. ನಾನೆಲ್ಲಿ, ಬೇಡ ಎಂದರೂ ಬಿಡಲಿಲ್ಲ. ಇಬ್ಬರೂ ನಿಲ್ಲುವಷ್ಟು ಜಾಗ ಅದರ ಮೇಲೆ ಇತ್ತು. ಬಾಗಿಲ ಹತ್ತಿರ ಶಿದ್ರಾಯ, ಅಂತೂ ತಂದುಕೊಂಡ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ನೋಡುತ್ತಿದ್ದ. ಮಹಾಂತ ಗುಂಡಿ ಒತ್ತಿದ.

ಕೈ ಹೊರಟಿತು. ಕೆಳಗಿನಿಂದ ನೋಡಿದಾಗ ಮೆತ್ತಗೆ ಕಂಡದ್ದು ಮೇಲೆ ನಿಂತಾಗ ಜೋರಾಗಿ ಬಂತು. ಫೋನಿನ ಬೆಳಕು ಮುಖದ ಮೇಲಿಂದ ಎಡಗೆನ್ನೆಗೆ, ಎಡಗೆನ್ನೆಯಿಂದ ಕಿವಿಗೆ ಸರಿಯಿತು. ಇನ್ನೇನು ಹಿಂದೆ ಹೋಗುತ್ತದೆ. ಪಿನ್ನು ನೆನಪಾಯಿತು, ಬಿಟ್ಟ ಹೊಲಿಗೆ ನೆನಪಾಯಿತು, ಮನಿಷಾಳ ಕಾಲು ತಾವಾಗಿಯೇ ತಿರುಗತೊಡಗಿದವು. ವಿದ್ಯಾವತಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

"ನಿಂದರ್ರಿ. ಹೋಗ್ಲಿ ಅದು ಹಿಂದ."

ಮನಿಷಾ ನಿಂತಳು. ಕೈ ಅವಳ ಹಿಂದೆ ಹೋಯಿತು. ಅದರ ಸದ್ದು ಬೆನ್ನ ಮೇಲೆ, ಪಿನ್ನು ಇದ್ದಲ್ಲಿ, ತಣ್ಣಗೆ ಹಾದುಹೋದಂತಾಯಿತು. ಎದುರಿಗೆ ಟಿವಿ ಇನ್ನೂ ಖಾಲಿಯಿತ್ತು. ಅದರಲ್ಲಿ ಈಗ ಏನು ಬಂದೀತೆಂದು ನೋಡಲು ಅವಳಿಗೇ ತಡೆಯಲಾರದಷ್ಟು ಕುತೂಹಲವಾಯಿತು.